ಹಳೆಯ ಪಿ.ಬಿ. ರಸ್ತೆಯ ಒಂದು ಮೈಲಿ

ದಾವಣಗೆರೆಯವರಾದ ನಮಗೆ ಪಿ.ಬಿ. ರಸ್ತೆ ಎಂದರೆ ದಿನವೂ ಓಡಾಡುವ, ಅಡ್ಡ ದಾಟಲು ಹೆಣಗುವ, ಮಳೆಗಾಲದಲ್ಲಿ ಶಪಿಸುವ ರಸ್ತೆ. ಆ ಎರಡು ಅಕ್ಷರಗಳು ಪೂನಾ ಮತ್ತು ಬೆಂಗಳೂರು ಎಂಬ ಊರುಗಳನ್ನು ಹೊತ್ತಿವೆ ಎಂಬುದು ನನ್ನ ಮಗಳಿಗೆ ಹತ್ತನೇ ತರಗತಿಗೆ ಬರುವವರೆಗೂ ಗೊತ್ತಿರಲಿಲ್ಲ. ಅದು ಯಾರೋ ದಾನಿಗಳ ಹೆಸರಿನ ಮೊದಲಕ್ಷರಗಳಿರಬೇಕು ಎಂದೇ ಅವಳು ತಿಳಿದಿದ್ದಳು. ಚಿತ್ರದುರ್ಗದಲ್ಲಿ ಇದೇ ರಸ್ತೆ ಬಿ.ಡಿ. ರಸ್ತೆಯಾಗುತ್ತದೆ, ಬೆಂಗಳೂರು–ದಾವಣಗೆರೆ ರಸ್ತೆ. ಸರ್ಕಾರದ ಕಡತದಲ್ಲಿ ಅದು ಬಹುಕಾಲ ರಾಷ್ಟ್ರೀಯ ಹೆದ್ದಾರಿ 4 ಆಗಿತ್ತು, 2010ರಲ್ಲಿ ಸಂಖ್ಯೆಗಳು ಬದಲಾದ ಮೇಲೆ 48 ಆಯಿತು. ಸಂಖ್ಯೆ ಬದಲಾಯಿತು, ಹೆದ್ದಾರಿ ಊರ ಹೊರಗೆ ಸರಿಯಿತು, ಆದರೆ ಊರೊಳಗೆ ಪೂನಾ ಮಾತ್ರ ಒಂದಕ್ಷರವಾಗಿ ಉಳಿದುಕೊಂಡಿದೆ. ರಸ್ತೆಯ ಹಳೆಯ ಹೆಸರನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡ ನಮ್ಮೂರು ಆ ರಸ್ತೆಯ ಹಳೆಯ ಮೈಯನ್ನು ಏಕೆ ಉಳಿಸಿಕೊಳ್ಳಲಿಲ್ಲ ಎಂಬ ಪ್ರಶ್ನೆ ಕಳೆದ ಮೂರು ವರ್ಷಗಳಿಂದ ನನ್ನನ್ನೂ ನನ್ನ ನಾಲ್ವರು ಗೆಳೆಯರನ್ನೂ ಭಾನುವಾರಗಳಂದು ಮನೆಯಲ್ಲಿ ಕೂರಲು ಬಿಟ್ಟಿಲ್ಲ.

ನಾವು ಐವರು. ನಾನು ಬ್ಯಾಂಕಿನಲ್ಲಿ ಗುಮಾಸ್ತ. ಒಬ್ಬರು ಲೋಕೋಪಯೋಗಿ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು, ಒಬ್ಬರು ಕನ್ನಡ ಮೇಷ್ಟ್ರು, ಒಬ್ಬಳು ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ, ಮತ್ತೊಬ್ಬ ಹಳೆಯ ಕಾರುಗಳ ಮೆಕ್ಯಾನಿಕ್. ಈ ಹುಚ್ಚು ಶುರುವಾದದ್ದು ಮೆಕ್ಯಾನಿಕ್ಕನ ಗ್ಯಾರೇಜಿನಲ್ಲಿ. ಅವನ ಬಳಿ ಒಂದು ಮಾರಿಸ್ ಮೈನರ್ ಕಾರು ಬಂದಿತ್ತು, ಅದರ ಮುಂದಿನ ಚಕ್ರ ಹೊರಳುವ ಕೀಲಿನ ಬಳೆ, ಅಂದರೆ ಕಿಂಗ್‌ಪಿನ್ ಬುಶ್, ಸವೆದು ಹೋಗಿತ್ತು. ಹೊಸದು ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಹರಿಹರದ ಒಂದು ಸಣ್ಣ ಲೇತ್ ಅಂಗಡಿಯಲ್ಲಿ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದ ಕಾಲದ ಲೇತ್ ಮೇಲೆ, ಆ ಕಾರ್ಖಾನೆಯಲ್ಲೇ ಕೆಲಸ ಕಲಿತ ಹಿರಿಯರೊಬ್ಬರು ಹಿತ್ತಾಳೆಯ ಬುಶ್ಶನ್ನು ಕಡೆದು ಕೊಟ್ಟರು. ಕಡೆಯುವಾಗ ಅವರು ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ಚಿನ್ನದ ಬಣ್ಣದ ಚೂರನ್ನು ಬೆರಳಿನಿಂದ ಒತ್ತಿ ನೋಡಿ, "ಈ ಗಾಡಿ ಚಕ್ರ ಇಷ್ಟು ಸವೀಬೇಕಾದ್ರೆ ರಸ್ತೆ ಎಂಥದಿತ್ತು ಅಂತ ಅರ್ಥ ಮಾಡ್ಕಳ್ರಿ" ಎಂದರು. ಗಾಡಿಯ ಸವೆತದಲ್ಲಿ ರಸ್ತೆಯ ಚರಿತ್ರೆಯನ್ನು ಓದಬಹುದು ಎಂಬುದು ನನಗೆ ಹೊಳೆದದ್ದೇ ಅಂದು.

ಹಳೆಯ ಕಾರುಗಳನ್ನು ಉಳಿಸುವವರು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಧರ್ಮಸ್ಥಳಕ್ಕೆ ಹೋದವರೆಲ್ಲ ಅಲ್ಲಿಯ ವಸ್ತುಸಂಗ್ರಹಾಲಯದ ಕಾರುಗಳನ್ನು ಕಂಡಿರುತ್ತೀರಿ. ದೆಹಲಿಯಲ್ಲಿ 1964ರಿಂದ ಸ್ಟೇಟ್ಸ್‌ಮನ್ ಪತ್ರಿಕೆ ಹಳೆಯ ಕಾರುಗಳ ರ‍್ಯಾಲಿ ನಡೆಸಿಕೊಂಡು ಬಂದಿದೆ. ಆದರೆ ಆ ಕಾರುಗಳು ಓಡಿದ ದಾರಿಯನ್ನು ಉಳಿಸಬೇಕು ಎಂದರೆ ಜನ ನಗುತ್ತಾರೆ. ಕಾರಿಗೆ ಮಾಲೀಕನಿರುತ್ತಾನೆ, ಅವನ ಮೊಮ್ಮಗನಿರುತ್ತಾನೆ, ಷೆಡ್ಡಿರುತ್ತದೆ. ರಸ್ತೆ ಎಲ್ಲರದ್ದಾದ್ದರಿಂದ ಯಾರದ್ದೂ ಅಲ್ಲ, ಮತ್ತು ಅದು ಎಂದೂ ಖಾಲಿಯಿರುವುದಿಲ್ಲ. ಹಳೆಯ ರಸ್ತೆಯ ಮೇಲೆಯೇ ಹೊಸ ರಸ್ತೆ ಕೂರುತ್ತದೆ.

ಈ ಕೆಲಸ ಹುಚ್ಚಲ್ಲ ಎಂಬ ಧೈರ್ಯ ನಮಗೆ ಬಂದದ್ದು ಬಹುದೂರದ ಒಂದು ಉದಾಹರಣೆಯಿಂದ. ನ್ಯೂಯಾರ್ಕ್ ನಗರಕ್ಕೆ ಹೊಂದಿಕೊಂಡಿರುವ ಲಾಂಗ್ ಐಲೆಂಡ್ ಎಂಬ ಉದ್ದನೆಯ ದ್ವೀಪದಲ್ಲಿ, ವಿಲಿಯಂ ಕೆ. ವಾಂಡರ್‌ಬಿಲ್ಟ್ ಜೂನಿಯರ್ ಎಂಬ ಸಿರಿವಂತ ತರುಣ ತನ್ನ ಹೆಸರಿನ ಪಾರಿತೋಷಕವಿಟ್ಟು 1904ರ ಅಕ್ಟೋಬರ್ 8ರಂದು ಒಂದು ಕಾರ್ ಓಟ ನಡೆಸಿದ. ಓಟಕ್ಕೆಂದು ಪ್ರತ್ಯೇಕ ಹಾದಿ ಇರಲಿಲ್ಲ, ರೈತರು ಆಲೂಗಡ್ಡೆ ಸಾಗಿಸುತ್ತಿದ್ದ ಮಣ್ಣಿನ ರಸ್ತೆಗಳೇ ಓಟದ ಹಾದಿ. ಸುಮಾರು 28 ಮೈಲಿಯ ಸುತ್ತು, ಅಂತಹ 10 ಸುತ್ತು; ನಡುವೆ ಸಿಗುವ ಊರುಗಳಲ್ಲಿ ಕಾರನ್ನು ನಿಲ್ಲಿಸಿ ನಿಧಾನವಾಗಿ ದಾಟಿಸಬೇಕು. ಪಾನ್ಹಾರ್ಡ್ ಕಾರಿನಲ್ಲಿ ಜಾರ್ಜ್ ಹೀತ್ ಗೆದ್ದ. ಮುಂದಿನೆರಡು ವರ್ಷ ಫ್ರಾನ್ಸಿನ ಡರಾಕ್ ಕಾರುಗಳು ಗೆದ್ದವು. ಜನ ರಸ್ತೆಯ ಅಂಚಿನವರೆಗೂ ನುಗ್ಗಿ ನಿಲ್ಲುತ್ತಿದ್ದರು, ಕಾರು ಹತ್ತಿರ ಬಂದಾಗ ಹಿಂದೆ ಸರಿಯುತ್ತಿದ್ದರು. 1906ರಲ್ಲಿ ಪ್ರೇಕ್ಷಕನೊಬ್ಬ ಸತ್ತ ಮೇಲೆ ಸಾರ್ವಜನಿಕ ರಸ್ತೆಯಲ್ಲಿ ಓಟ ಮುಂದುವರಿಸುವುದು ಸಾಧ್ಯವಿಲ್ಲ ಎಂಬುದು ಎಲ್ಲರಿಗೂ ಮನವರಿಕೆಯಾಯಿತು. 1907ರಲ್ಲಿ ಓಟವೇ ನಡೆಯಲಿಲ್ಲ.

ಆಗ ವಾಂಡರ್‌ಬಿಲ್ಟ್ ಮಾಡಿದ ಕೆಲಸ ನನಗೆ ಓಟಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೋಟಾರಿಗಾಗಿಯೇ ಒಂದು ರಸ್ತೆ ಮಾಡಿಸಲು ಕಂಪನಿ ಕಟ್ಟಿದ. ಕುದುರೆಗಾಡಿಗೆ ಪ್ರವೇಶವಿಲ್ಲ, ಅಡ್ಡರಸ್ತೆಗಳು ಸೇರುವುದಿಲ್ಲ, ಅಡ್ಡ ಬಂದ ರಸ್ತೆಗಳ ಮೇಲೆ ಅಥವಾ ಕೆಳಗೆ ಸೇತುವೆ, ಮೈಗೆ ಕಬ್ಬಿಣದ ಬಲೆ ಹಾಕಿದ ಕಾಂಕ್ರೀಟು. 1908ರಲ್ಲಿ ಅದರ ಮೊದಲ ಭಾಗ ತೆರೆಯಿತು, ಆ ವರ್ಷದ ಓಟದ ಹಾದಿಯಲ್ಲಿ ಅದೂ ಸೇರಿತ್ತು, ಮತ್ತು ಜಾರ್ಜ್ ರಾಬರ್ಟ್‌ಸನ್ ಲೋಕೊಮೊಬಿಲ್ ಕಾರಿನಲ್ಲಿ ಗಂಟೆಗೆ 64 ಮೈಲಿಯ ಸರಾಸರಿಯಲ್ಲಿ ಗೆದ್ದು ಅಮೆರಿಕದ ಕಾರಿಗೆ ಮೊದಲ ಬಾರಿಗೆ ಆ ಪಾರಿತೋಷಕ ತಂದುಕೊಟ್ಟ. ರಸ್ತೆ ಕೊನೆಗೆ ಸುಮಾರು 45 ಮೈಲಿ ಬೆಳೆಯಿತು. ದಾಟಲು ಮೊದಲು 2 ಡಾಲರ್ ಸುಂಕ. ಪಕ್ಕದಲ್ಲಿ ಸರ್ಕಾರದ ಬಿಟ್ಟಿ ರಸ್ತೆಗಳು ಬಂದಂತೆ ಅದು ಇಳಿಯುತ್ತ ಹೋಗಿ 1938ರಲ್ಲಿ 40 ಸೆಂಟ್ ಆಯಿತು, ಅದೇ ವರ್ಷ ರಸ್ತೆ ಮುಚ್ಚಿತು. ಬಾಕಿ ಉಳಿದ ತೆರಿಗೆಗೆ ಬದಲಾಗಿ ಜಾಗವನ್ನೇ ಸ್ಥಳೀಯ ಆಡಳಿತಗಳಿಗೆ ಒಪ್ಪಿಸಬೇಕಾಯಿತು. ನಮ್ಮ ಹೆಬ್ಬಾಳು ಟೋಲಿನಲ್ಲಿ ಫಾಸ್ಟ್ಯಾಗ್ ಸದ್ದು ಮಾಡಿದಾಗಲೆಲ್ಲ ಆ 2 ಡಾಲರ್ ನನಗೆ ನೆನಪಾಗುತ್ತದೆ.

ಮುಚ್ಚಿದ ಆ ರಸ್ತೆಯನ್ನು ಈಗ ಕಾಯುತ್ತಿರುವವರಲ್ಲಿ ಮುಖ್ಯರಾದವರು ಅಲ್ಲಿಯ ಊರಿನ ಜನರೇ. ಮನೆಗಳ ಹಿತ್ತಲಿನಲ್ಲಿ ನಿಂತಿರುವ ಕಾಂಕ್ರೀಟು ಕಂಬಗಳನ್ನು, ಗಿಡಗಂಟಿಗಳ ನಡುವೆ ಮರೆಯಾದ ಸೇತುವೆಗಳನ್ನು ಅವರು ಹುಡುಕಿ, ಫೋಟೊ ತೆಗೆದು, ನಕ್ಷೆಯ ಮೇಲೆ ಗುರುತಿಸುತ್ತಾರೆ. ಕ್ವೀನ್ಸ್ ಭಾಗದ ಒಂದು ತುಂಡು ಇಂದು ಸೈಕಲ್ ಹಾದಿಯಾಗಿ ಜೀವಂತವಾಗಿದೆ. ಸುಂಕದವನು ಸಂಸಾರ ಸಮೇತ ವಾಸವಿದ್ದ ಒಂದು ಪುಟ್ಟ ಸುಂಕದ ಮನೆಯನ್ನು 1989ರಲ್ಲಿ ಗಾರ್ಡನ್ ಸಿಟಿ ಎಂಬ ಊರಿನಲ್ಲಿ ಇದ್ದ ಜಾಗದಿಂದ ಎತ್ತಿ ಬೇರೆಡೆ ಕೂರಿಸಿ ಉಳಿಸಿದ್ದಾರೆ. 1908ರಲ್ಲಿ ಗೆದ್ದ ಕಾರನ್ನು ಉಳಿಸಿದ್ದೂ ಒಬ್ಬ ಅಭಿಮಾನಿಯೇ. ಪೀಟರ್ ಹೆಲ್ಕ್ ಎಂಬ ಚಿತ್ರಕಾರ ಬಾಲ್ಯದಲ್ಲಿ ಆ ಓಟಗಳನ್ನು ಕಂಡವನು. 1941ರಲ್ಲಿ ಆ ಕಾರನ್ನು ತನ್ನದಾಗಿಸಿಕೊಂಡು ದಶಕಗಳ ಕಾಲ ಬಣ್ಣ ಬಳಿಯದೆ, ಗೀರು ಒರೆಸದೆ, ಓಟ ಮುಗಿಸಿದ ದಿನದ ಸ್ಥಿತಿಯಲ್ಲೇ ಜೋಪಾನ ಮಾಡಿದ. ಈಗ ಅದು ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ಸಂಗ್ರಹಾಲಯದಲ್ಲಿದೆ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬ 1907ರ ಓಟದ ಹಾದಿಯ ಕಥೆಯೂ ಹೀಗೆಯೇ: ಯುದ್ಧ ಬಂದು 1939ರಲ್ಲಿ ಓಟ ನಿಂತು, ವಿಮಾನ ಕಾರ್ಖಾನೆಯವರು ಕಾಂಕ್ರೀಟು ಒಡೆದು ದಾರಿ ಮಾಡಿಕೊಂಡ ಮೇಲೆ, 1967ರಲ್ಲಿ ಅಭಿಮಾನಿಗಳು ಸಂಘ ಕಟ್ಟಿಕೊಂಡರು, ಅಲ್ಲೊಂದು ಸಂಗ್ರಹಾಲಯ ತೆರೆಯಲು 1991 ಬರಬೇಕಾಯಿತು. 24 ವರ್ಷ ಕಾದರು ಎಂಬ ಲೆಕ್ಕವನ್ನು ನಮ್ಮ ಮೇಷ್ಟ್ರು ಆಗಾಗ ಹೇಳುತ್ತಿರುತ್ತಾರೆ. ನಮಗೆ ಬೇಸರ ಬಂದಾಗ ಅದೇ ಔಷಧಿ.

ಓಟದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಖಚಿತವಾದದ್ದು, ಕಾರು ಮತ್ತು ರಸ್ತೆ ಒಂದನ್ನೊಂದು ಮಾಡಿಕೊಂಡವು ಎಂಬ ಮಾತು. ಇದರ ನಡುವೆ ನಿಂತದ್ದು ಧೂಳು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಮೆಕ್‌ಆಡಂ ತೋರಿಸಿಕೊಟ್ಟ ಪದ್ಧತಿಯಲ್ಲಿ, ಒಂದೇ ಅಳತೆಗೆ ಒಡೆದ ಸಣ್ಣ ಜಲ್ಲಿಯನ್ನು ಪದರವಾಗಿ ಹರಡಿ, ನೀರು ಎರಡೂ ಬದಿಗೆ ಇಳಿಯುವಂತೆ ನಡುಬೆನ್ನು ಉಬ್ಬಿಸಿ ರಸ್ತೆ ಮಾಡುತ್ತಿದ್ದರು. ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ಅದರ ಮೇಲೆ ಹಾಯ್ದಾಗ ಜಲ್ಲಿಯ ಅಂಚು ಪುಡಿಯಾಗಿ, ಆ ಪುಡಿ ಸಂದಿಗೆ ಇಳಿದು, ಮಳೆ ಬಿದ್ದಾಗ ಗಾರೆಯಂತೆ ಬಿಗಿಯುತ್ತಿತ್ತು. ಅಂದರೆ ಗಾಡಿ ಓಡಿದಷ್ಟೂ ರಸ್ತೆ ಗಟ್ಟಿ. ಮೋಟಾರಿನ ರಬ್ಬರ್ ಚಕ್ರ ಇದಕ್ಕೆ ತದ್ವಿರುದ್ಧ. ಗಾಡಿಯ ಚಕ್ರವನ್ನು ಎತ್ತು ಎಳೆಯುತ್ತದೆ, ಮೋಟಾರಿನ ಹಿಂಚಕ್ರವಾದರೋ ತಾನೇ ನೆಲವನ್ನು ಹಿಂದಕ್ಕೆ ಒದ್ದು ಮುಂದೆ ಸಾಗುತ್ತದೆ. ಮೆತ್ತಗಿನ ರಬ್ಬರು ಪುಡಿ ಮಾಡುವುದಿಲ್ಲ, ಇದ್ದ ಪುಡಿಯನ್ನು ಸಂದಿಯಿಂದ ಎಳೆದು ಹಾರಿಸುತ್ತದೆ. ಬಿಗಿ ಹೋದ ಜಲ್ಲಿ ಸಡಿಲವಾಗಿ ಚೆಲ್ಲಾಡುತ್ತದೆ. 1903ರ ಮೇ ತಿಂಗಳಿನ ಪ್ಯಾರಿಸ್–ಮ್ಯಾಡ್ರಿಡ್ ಓಟದಲ್ಲಿ ಮುಂದಿನ ಕಾರಿನ ಧೂಳಿನಲ್ಲಿ ರಸ್ತೆಯೇ ಕಾಣದೆ ಚಾಲಕರು ಸಾಲುಮರಗಳ ತುದಿ ನೋಡಿ ಅಂದಾಜಿನ ಮೇಲೆ ಓಡಿಸಬೇಕಾಯಿತು. ಮಾರ್ಸೆಲ್ ರೆನೊ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು, ಸರ್ಕಾರ ಓಟವನ್ನು ಬೋರ್ಡೊ ನಗರದಲ್ಲೇ ನಿಲ್ಲಿಸಿತು. ಅದಕ್ಕೆ ಒಂದು ವರ್ಷ ಮುಂಚೆ, 1902ರಲ್ಲಿ, ಮೊನಾಕೊದಲ್ಲಿ ಗುಲ್ಯೆಲ್ಮಿನೆಟ್ಟಿ ಎಂಬ ವೈದ್ಯ ಧೂಳು ಅಡಗಿಸಲು ರಸ್ತೆಗೆ ಬಿಸಿ ಡಾಂಬರು ಸುರಿಸಿ ನೋಡಿದ್ದ. ನಾವು ಇಂದು ಕಾಣುವ ಕಪ್ಪು ರಸ್ತೆಯ ಹಿಂದೆ ಒಬ್ಬ ವೈದ್ಯನ ಕಾಳಜಿಯೂ ಇದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಇದನ್ನೆಲ್ಲ ನಮ್ಮ ನೆಲದಲ್ಲಿ ಕಣ್ಣಾರೆ ಕಾಣಬಹುದು ಎಂದು ನಮಗೆ ತೋರಿಸಿದವರು ಇನ್‌ಸ್ಪೆಕ್ಟರ್. ಭರಮಸಾಗರದ ಹತ್ತಿರ ಹೆದ್ದಾರಿಯಿಂದ ಕೂಗಳತೆಯ ದೂರದಲ್ಲಿ, ಮೆಕ್ಕೆಜೋಳದ ಹೊಲಗಳ ನಡುವೆ, ಎರಡು ಸಾಲು ಹುಣಸೆ ಮರಗಳು ಎದುರುಬದುರು ನಿಂತಿವೆ. ಹೊಲದ ನಡುವೆ ಯಾರೂ ಹುಣಸೆಯನ್ನು ಹೀಗೆ ಎರಡು ಸಾಲಿನಲ್ಲಿ ನೆಡುವುದಿಲ್ಲ. ಅದು ರಸ್ತೆಯನ್ನು ನೇರ ಮಾಡಿದಾಗ ಬಿಟ್ಟುಹೋದ ಹಳೆಯ ತಿರುವು. ಮಳೆನೀರು ಕೊರೆದ ಒಂದು ಕಡೆ ರಸ್ತೆಯ ಪಕ್ಕೆ ಬಯಲಾಗಿದೆ. ಮೇಲೆ ಹಪ್ಪಳದಷ್ಟು ತೆಳ್ಳಗೆ ಡಾಂಬರು, ಮುಟ್ಟಿದರೆ ಉದುರುತ್ತದೆ. ಅದರ ಕೆಳಗೆ ಒಂದು ಗೇಣು ಜಲ್ಲಿ, ಕೆಂಪು ಗರಸಿನೊಂದಿಗೆ ಎಷ್ಟು ಬಿಗಿಯಾಗಿ ಕೂಡಿಕೊಂಡಿದೆ ಎಂದರೆ ಬೀಗದ ಕೈಯಿಂದ ಒಂದು ಹರಳು ಎಬ್ಬಿಸಲು ಐದು ನಿಮಿಷ ಹಿಡಿಯಿತು. ಅದಕ್ಕೂ ಕೆಳಗೆ ತಲೆಗಲ್ಲಿನಷ್ಟು ದಪ್ಪ ಕಲ್ಲುಗಳನ್ನು ಮೊನೆ ಮೇಲೆ ಮಾಡಿ ಒತ್ತೊತ್ತಾಗಿ ನಿಲ್ಲಿಸಿದ್ದಾರೆ. ಇನ್‌ಸ್ಪೆಕ್ಟರ್ ಮೊಣಕಾಲೂರಿ ಕೂತು ಆ ಸೋಲಿಂಗ್ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ, "ಕೈಯಿಂದ ಜೋಡಿಸಿದ್ದು, ನೋಡ್ರಿ. ಒಂದೂ ಅಲುಗಿಲ್ಲ" ಎಂದರು. ಮೂವತ್ತು ವರ್ಷ ರಸ್ತೆ ಮಾಡಿಸಿದವರ ಬಾಯಲ್ಲಿ ಆ ಮಾತು ಹೊಗಳಿಕೆಯಾಗಿತ್ತು.

ಮೈಸೂರು ಸೀಮೆಯಲ್ಲಿ ರಸ್ತೆಗಳ ಕೆಲಸ ದೊಡ್ಡದಾಗಿ ನಡೆದದ್ದು ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ, ಅಂದರೆ 1834ರಿಂದ 1861ರವರೆಗೆ. ಲೋಕೋಪಯೋಗಿ ಇಲಾಖೆ ಎಂಬುದು ಪ್ರತ್ಯೇಕವಾಗಿ ಹುಟ್ಟಿದ್ದು 1856ರಲ್ಲಿ. ಬೆಂಗಳೂರಿನಿಂದ ಧಾರವಾಡದ ಕಡೆಗೆ ಹೋಗುತ್ತಿದ್ದ ಈ ದಾರಿಗೆ ತುಂಗಭದ್ರೆಯೇ ದೊಡ್ಡ ತಡೆ. 1868ರಲ್ಲಿ ಹರಿಹರದ ಸೇತುವೆ ಮುಗಿಯಿತು: ಕಲ್ಲು ಮತ್ತು ಇಟ್ಟಿಗೆ, 60 ಅಡಿ ಅಗಲದ 14 ಕಮಾನುಗಳು, ಖರ್ಚು ಹೆಚ್ಚುಕಡಿಮೆ ಮೂರು ಲಕ್ಷ ರೂಪಾಯಿ. ಮೋಟಾರು ಎಂಬುದನ್ನು ಜಗತ್ತು ಕಾಣುವ ಮೊದಲೇ ಎತ್ತಿನ ಗಾಡಿಗೆಂದು ಕಟ್ಟಿದ ಸೇತುವೆ ಅದು, ಮುಂದೆ ಲಾರಿಗಳನ್ನೂ ಹೊತ್ತಿತು. ಇನ್ನೊಂದು ಸಂಗತಿಯನ್ನು ನಮ್ಮ ಹುಡುಗರಿಗೆ ಹೇಳಿದರೆ ಬೆರಗಾಗುತ್ತಾರೆ. 1956ರ ನವೆಂಬರ್ 1ರ ಏಕೀಕರಣದವರೆಗೂ ಆ ಸೇತುವೆಯ ಈಚೆ ದಂಡೆ ಮೈಸೂರು, ಆಚೆ ದಂಡೆ ಮುಂಬಯಿ. ಹರಿಹರದಲ್ಲಿ ಹೊರಟ ಮೋಟಾರು ಹದಿನಾಲ್ಕು ಕಮಾನು ದಾಟಿದರೆ ಬೇರೆ ಆಡಳಿತದ ನೆಲದಲ್ಲಿರುತ್ತಿತ್ತು. ಎರಡೂ ದಂಡೆಯ ಜನ ಕನ್ನಡವನ್ನೇ ಆಡುತ್ತಿದ್ದರು. ಪಿ.ಬಿ. ರಸ್ತೆ ಎಂಬ ಹೆಸರಿನ ಮೊದಲ ಅಕ್ಷರ ಆ ದಂಡೆಯದು, ಎರಡನೆಯದು ಈ ದಂಡೆಯದು.

ನಮ್ಮಲ್ಲಿ ಪಾರಿತೋಷಕವಿಟ್ಟು ನಡೆಸುವ ಮೋಟಾರ್ ಓಟ ತಡವಾಗಿ ಬಂತು. ಮದರಾಸಿನ ಹತ್ತಿರ ಶೋಲವರಂನ ಹಳೆಯ ವಿಮಾನದ ಪಟ್ಟಿಯ ಮೇಲೆ ಐವತ್ತರ ದಶಕದಲ್ಲಿ ಓಟಗಳು ಶುರುವಾದವು, ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ದಾವಣಗೆರೆ–ಚಿತ್ರದುರ್ಗದ ರಸ್ತೆಯಲ್ಲಿ ಓಟವೆಂದರೆ ಖಾಸಗಿ ಬಸ್ಸುಗಳ ಪೈಪೋಟಿ. ಮೆಕ್ಯಾನಿಕ್ಕನ ತಾತ ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ಬಸ್ಸಿನಲ್ಲಿ ಕ್ಲೀನರ್ ಆಗಿದ್ದರು. ಪೆಟ್ರೋಲಿಗೆ ರೇಷನ್ ಬಂದು ಬಸ್ಸುಗಳ ಹಿಂಬದಿಗೆ ಗ್ಯಾಸ್ ಪ್ಲಾಂಟ್ ಎಂಬ ಎತ್ತರದ ಕಬ್ಬಿಣದ ಡಬ್ಬಿ ಕೂರಿಸಿದ್ದ ದಿನಗಳು ಅವು. ಬೆಳಗಿನ ಜಾವ ಎದ್ದು ಡಬ್ಬಿಗೆ ಇದ್ದಿಲು ತುಂಬಿ, ಕೆಂಡ ಹಾಕಿ, ಪಂಕದ ಹಿಡಿಯನ್ನು ಅರ್ಧ ಗಂಟೆ ತಿರುಗಿಸುವುದು ಕ್ಲೀನರನ ಕೆಲಸ. ಇದ್ದಿಲು ಪೂರ್ತಿ ಉರಿಯದೆ ಉಸಿರುಗಟ್ಟಿ ಬೇಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲವೇ ಎಂಜಿನ್ನಿಗೆ ಆಹಾರ. ಕೊಳವೆಯ ತುದಿಯಲ್ಲಿ ಬೆಂಕಿ ಹಿಡಿದು ನೀಲಿ ಜ್ವಾಲೆ ನಿಂತರೆ ಗ್ಯಾಸು ಹದವಾಗಿದೆ ಎಂದು ಅರ್ಥ. ಪೆಟ್ರೋಲಿನ ಬಲ ಅದಕ್ಕಿರಲಿಲ್ಲ. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು, ಕೆಲವೊಮ್ಮೆ ನೂಕಲೂ ಬೇಕು. ಇಳಿಜಾರು ಬಂದಾಗ ಮಾತ್ರ ಮುಂದಿನ ಬಸ್ಸನ್ನು ಹಿಂದೆ ಹಾಕಿ ಮುಂದಿನ ಊರಿನ ಜನರನ್ನು ಹತ್ತಿಸಿಕೊಳ್ಳುವ ಹಟ. "ನಮ್ ತಾತಗೆ ಈ ದಾರೀಲಿ ಯಾವ ಮರ ಆದ್ಮೇಲೆ ಇಳುಕಲು, ಯಾವ ಮರ ಆದ್ಮೇಲೆ ಏರು ಅಂತ ಕಣ್ಮುಚ್ಚಿ ಹೇಳಕ್ ಬರ್ತಿತ್ತು ಅಣ್ಣಾ" ಎಂದು ಮೆಕ್ಯಾನಿಕ್ ನನಗೆ ಹೇಳಿದ. ಅವರು ಬದುಕಿದ್ದಾಗ ಯಾರೂ ಎದುರಿಗೆ ಕೂತು ಅದನ್ನು ಬರೆದುಕೊಳ್ಳಲಿಲ್ಲ. ನಾನೂ ಅದೇ ಓಣಿಯಲ್ಲಿ ಇದ್ದವನು, ಅವರ ಮನೆಯ ಜಗಲಿಯ ಮೇಲೆ ಎಷ್ಟೋ ಸಂಜೆ ಕೂತವನು. ಆ ನಷ್ಟದ ನೋವು ನನಗಿನ್ನೂ ಹೋಗಿಲ್ಲ. ಈಗ ನಾವು ಎಂಬತ್ತು ದಾಟಿದ ಚಾಲಕರನ್ನು, ಕಂಡಕ್ಟರುಗಳನ್ನು, ರಸ್ತೆ ಗ್ಯಾಂಗಿನಲ್ಲಿ ಜಲ್ಲಿ ಒಡೆದ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಹೋಗಿ ಮಾತು ಮುದ್ರಿಸಿಕೊಳ್ಳುತ್ತಿರುವುದಕ್ಕೆ ಅದೇ ಕಾರಣ. ಮೊದಲು ಹೆಂಗಸರ ಮಾತೇ ಮುಗಿಯಬೇಕು ಎಂದು ನನ್ನ ಹಟ, ಏಕೆಂದರೆ ಅವರ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲಿಯೂ ಇಲ್ಲ.

ನಾಲ್ಕು ಪಥದ ಹೆದ್ದಾರಿ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಹಳೆಯ ಕಿರಿದಾದ ರಸ್ತೆಯಲ್ಲಿ ಲಾರಿಗಳು ಎದುರುಬದುರಾಗಿ ಡಿಕ್ಕಿ ಹೊಡೆದು ಎಷ್ಟು ಸಂಸಾರಗಳು ಹಾಳಾದವು ಎಂಬುದನ್ನು ಈ ಭಾಗದ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ರಸ್ತೆ ಅಗಲವಾದಾಗ ಬದಿಯ ಮೈಲುಗಲ್ಲುಗಳನ್ನು ಕಿತ್ತು ಒಂದೆಡೆ ಇಡುವುದಕ್ಕೆ ಯಾವ ದೊಡ್ಡ ಖರ್ಚೂ ಇರಲಿಲ್ಲ. ನಾವು ಕೆಲಸ ಶುರು ಮಾಡಿದ ಮೊದಲ ವರ್ಷ ಒಂದು ಒಳರಸ್ತೆಯ ಬದಿಯಲ್ಲಿ, ಎರಡು ಮುಖಗಳಲ್ಲಿ ಅಕ್ಷರ ಕೊರೆದ ಒಂದು ಒಳ್ಳೆಯ ಕಲ್ಲು ಸಿಕ್ಕಿತ್ತು. ತೊಳೆದು ಫೋಟೊ ತೆಗೆದು ಬಂದೆವು. ಮೂರು ತಿಂಗಳ ನಂತರ ಹೋದರೆ ರಸ್ತೆ ಅಗಲ ಮಾಡುತ್ತಿದ್ದ ಗುತ್ತಿಗೆದಾರನ ಆಳುಗಳು ಅದನ್ನು ಮೂರು ತುಂಡು ಮಾಡಿ ಮೋರಿಯ ತಡೆಗೋಡೆಗೆ ಹಾಕಿದ್ದರು. ಸಿಮೆಂಟಿನ ನಡುವೆ ಒಂದು 'ದು' ಮಾತ್ರ ಕಾಣುತ್ತಿತ್ತು. ಆಳುಗಳ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಅದು ಸಿದ್ಧವಾಗಿ ಸಿಕ್ಕ ಕಲ್ಲು. ಅದು ಏನೆಂದು ಅವರಿಗೆ ಹೇಳುವವರು ಅಲ್ಲಿ ಇರಲಿಲ್ಲ, ಮತ್ತು ಕಂಡಿದ್ದರೂ ಪಂಚಾಯಿತಿಗೆ ಒಂದು ಅರ್ಜಿ ಕೊಡಬೇಕು ಎಂದು ನಮಗೂ ತೋಚಿರಲಿಲ್ಲ.

ಅಂದಿನಿಂದ ಕ್ರಮ ಬದಲಿಸಿದೆವು. ಮೊದಲು ಗ್ರಾಮ ನಕಾಶೆ. ಸರ್ವೆಯವರ ಹಳೆಯ ನಕಾಶೆಯಲ್ಲಿ ರಸ್ತೆ ಹಾದ ಜಾಗ ಬಿ ಖರಾಬು ಎಂದು ಪ್ರತ್ಯೇಕವಾಗಿ ಬಿಟ್ಟಿರುತ್ತದೆ, ಅಂದರೆ ಸಾರ್ವಜನಿಕ ಉಪಯೋಗದ ನೆಲ. ರಸ್ತೆ ಬೇರೆಡೆ ಸರಿದರೂ ಕಾಗದದಲ್ಲಿ ಆ ಪಟ್ಟಿ ಬಾಲದಂತೆ ಉಳಿದಿರುತ್ತದೆ. ಎಂಜಿನಿಯರಿಂಗ್ ಹುಡುಗಿ ಆ ಪಟ್ಟಿಗಳನ್ನು ಉಪಗ್ರಹದ ಚಿತ್ರದ ಮೇಲೆ ಹೊಂದಿಸಿ ಎಲ್ಲೆಲ್ಲಿ ಹಳೆಯ ತಿರುವು ಇರಬಹುದು ಎಂದು ಗುರುತು ಹಾಕಿ ಕೊಡುತ್ತಾಳೆ, ನಾವು ಹೋಗಿ ನೋಡುತ್ತೇವೆ. ಸಾಲುಮರವಿದ್ದರೆ ಊಹೆ ಗಟ್ಟಿ. ಸಣ್ಣ ಮೋರಿ, ಬತ್ತಿದ ಸೇದುವ ಬಾವಿ, ತಲೆಹೊರೆ ಹೊತ್ತು ನಡೆಯುವವರು ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಹೊರೆಗಲ್ಲು, ಇವು ಸಿಕ್ಕರೆ ಇನ್ನೂ ಗಟ್ಟಿ.

ಭರಮಸಾಗರದ ಆ ಹುಣಸೆ ತಿರುವಿನಲ್ಲೇ ನಮಗೆ ಎರಡನೆಯ ಮೈಲುಗಲ್ಲು ಸಿಕ್ಕಿತು. ನಿಂತಿದ್ದದ್ದು ಎರಡು ಹೊಲಗಳ ನಡುವಿನ ಬದುವಿನಲ್ಲಿ. ಒಂದು ಮುಖದಲ್ಲಿ ಇಂಗ್ಲಿಷ್ ಅಂಕಿ, ಇನ್ನೊಂದರಲ್ಲಿ ಕನ್ನಡ ಅಂಕಿ. ಎರಡರಲ್ಲೂ ಮೊದಲ ಎರಡು ಅಂಕಿಗಳಷ್ಟೇ ಉಳಿದಿದ್ದವು, ೧೪. ಮೂರನೆಯ ಅಂಕಿ ಇದ್ದ ಮೂಲೆ ಒಡೆದು ಹೋಗಿತ್ತು. ಬೆಂಗಳೂರಿನಿಂದ ನೂರ ನಲವತ್ತೆಷ್ಟನೆಯದೋ ಮೈಲಿ. ಹೊಲದ ಯಜಮಾನರು ಕಲ್ಲನ್ನು ಮೂರು ತಲೆಮಾರಿನಿಂದ ಬಾಂದುಕಲ್ಲು ಎಂದೇ ತಿಳಿದಿದ್ದಾರೆ, ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚುತ್ತಾರೆ. ಅದು ಉಳಿದದ್ದು ಹಾಗೆ. ಈ ಕಲ್ಲನ್ನು ಹತ್ತಿರದ ಶಾಲೆಯ ಅಂಗಳಕ್ಕೆ ಸಾಗಿಸಿ ಕಟ್ಟೆ ಕಟ್ಟಿ ನಿಲ್ಲಿಸೋಣ ಎಂದು ಮೇಷ್ಟ್ರು, ಬೇಡ ಎಂದು ಇನ್‌ಸ್ಪೆಕ್ಟರ್. ಆ ವಾದ ಎರಡು ಭಾನುವಾರ ನಡೆಯಿತು. ಗಾರ್ಡನ್ ಸಿಟಿಯ ಸುಂಕದ ಮನೆಯ ಮಾತೂ ಬಂತು: ಎತ್ತಿ ಬೇರೆಡೆ ಇಟ್ಟಿದ್ದರಿಂದ ಅದು ಉಳಿಯಿತಲ್ಲವೇ ಎಂದು ಮೇಷ್ಟ್ರು ಕೇಳಿದರು. ಮನೆಯನ್ನು ಎತ್ತಿದರೆ ಮನೆಯಾಗಿಯೇ ಇರುತ್ತದೆ, ಮೈಲುಗಲ್ಲನ್ನು ಎತ್ತಿದರೆ ಅದು ಸುಳ್ಳು ಹೇಳುವ ಕಲ್ಲಾಗುತ್ತದೆ ಎಂದು ಇನ್‌ಸ್ಪೆಕ್ಟರ್ ಹೇಳಿದ ಮಾತಿಗೆ ನಾನು ಒಪ್ಪಿದೆ. ಕಲ್ಲು ಇದ್ದಲ್ಲೇ ಇದೆ. ಪಂಚಾಯಿತಿಗೆ ಅರ್ಜಿ ಕೊಟ್ಟು, ಹಿಂಬರಹ ಪಡೆದು, ಒಂದು ಪ್ರತಿಯನ್ನು ಯಜಮಾನರ ಕೈಗೂ ಕೊಟ್ಟಿದ್ದೇವೆ.

ಕಲ್ಲು ಕದಲಿಸದೆ ಇದ್ದುದರಿಂದಲೇ ಮುಂದಿನ ಕೆಲಸ ಸಾಧ್ಯವಾಯಿತು. ಮೈಲಿ ಎಂದರೆ 8 ಫರ್ಲಾಂಗು, 1609 ಮೀಟರು. ಮೆಕ್ಯಾನಿಕ್ ತನ್ನ ಅಪ್ಪನ 28 ಇಂಚಿನ ಚಕ್ರದ ಹಳೆಯ ಸೈಕಲ್ ತಂದ. ಅದರ ಚಕ್ರ ಒಂದು ಸುತ್ತು ತಿರುಗಿದರೆ ನೆಲದ ಮೇಲೆ 2 ಮೀಟರ್ 20 ಸೆಂಟಿಮೀಟರ್ ಸಾಗುತ್ತದೆ ಎಂದು ಸುಣ್ಣದ ಗೆರೆ ಎಳೆದು ಅಳೆದುಕೊಂಡೆವು. ಹಾಗಾದರೆ ಒಂದು ಮೈಲಿಗೆ 731 ಸುತ್ತು. ಮುಂದಿನ ಚಕ್ರದ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ, ಕಲ್ಲಿನಿಂದ ದಾವಣಗೆರೆಯ ದಿಕ್ಕಿಗೆ, ಹಳೆಯ ರಸ್ತೆಯ ಮೈಮೇಲೆಯೇ ಸೈಕಲ್ ತಳ್ಳುತ್ತ ಹೊರಟೆವು. ಬಟ್ಟೆ ಕೆಳಗೆ ಬಂದಾಗಲೆಲ್ಲ ಹುಡುಗಿ ಎಣಿಸುತ್ತಿದ್ದಳು, ಪ್ರತಿ ನೂರಕ್ಕೆ ಮೇಷ್ಟ್ರು ಒಂದು ಹುಣಸೆ ಬೀಜವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಎರಡು ಕಡೆ ಹೊಲದವರು ಉತ್ತು ರಸ್ತೆಯನ್ನು ಸೇರಿಸಿಕೊಂಡಿದ್ದರು, ಅಲ್ಲಿ ಸಾಲುಮರವನ್ನು ಹಿಡಿದು ನಡೆದೆವು. ಏಳು ಬೀಜವಾಗಿ ಮೇಲೆ ಮೂವತ್ತೊಂದು ಎಣಿಸುವ ಹೊತ್ತಿಗೆ ಬಳ್ಳಾರಿ ಜಾಲಿಯ ಒಂದು ದಟ್ಟ ಪೊದೆಯ ಮುಂದೆ ನಿಂತಿದ್ದೆವು.

ಕೊಡಲಿ ತರಿಸಿ ಪೊದೆ ಸವರುವುದಕ್ಕೆ ಒಂದು ಗಂಟೆ ಹಿಡಿಯಿತು. ಏನೂ ಕಾಣಲಿಲ್ಲ. ಮೆಕ್ಯಾನಿಕ್ ಹಾರೆಯಿಂದ ಅಡಿಗೊಂದು ಕಡೆ ಕುಟ್ಟುತ್ತ ಹೋದ. ಹನ್ನೊಂದು ಹೆಜ್ಜೆ ಆಚೆಗೆ ಹಾರೆ ಟಣ್ ಎಂದಿತು. ಒಂದು ಮೊಳ ಮಣ್ಣು ತೆಗೆದಾಗ ಬುಡದಿಂದ ಮುರಿದು ಅಂಗಾತ ಬಿದ್ದ ಕಲ್ಲು, ಮೇಲಿದ್ದ ಮುಖ ಪೂರ್ತಿ ಸವೆದಿತ್ತು. ನಾಲ್ವರು ಸೇರಿ ಮಗುಚಿದೆವು. ಕೆಳಗಿನ ಮುಖ ಅಷ್ಟು ವರ್ಷ ಮಣ್ಣನ್ನು ಅಪ್ಪಿಕೊಂಡು ಮಲಗಿದ್ದರಿಂದ ಕೊರೆದ ಗೆರೆಗಳ ಅಂಚೂ ಮಾಸಿರಲಿಲ್ಲ. ಬಾಟಲಿಯಲ್ಲಿದ್ದ ಕುಡಿಯುವ ನೀರು ಸುರಿದು ಇನ್‌ಸ್ಪೆಕ್ಟರ್ ಅಂಗೈಯಿಂದ ಉಜ್ಜಿದರು. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಮೂರು. ೧೪೩.

"ಹಂಗಾದ್ರೆ ನಮ್ದು ನೂರಾ ನಲವತ್ತೆರಡು" ಎಂದು ಮೆಕ್ಯಾನಿಕ್ ಹೇಳಿ, ಸೈಕಲ್ಲನ್ನು ಮರಕ್ಕೆ ಒರಗಿಸಿ, ನನ್ನ ನೋಟ್‌ಬುಕ್ಕಿನಲ್ಲಿ ತಾನೇ ಬರೆದ.